ಛತ್ರಿಯ ಮೇಲಿಟ್ಟ ಭಾಷಣ

ಭಾಷಣದ ಮೊದಲ ಮಾತನ್ನು ಗುಮಾಸ್ತರು ಕಪ್ಪು ಛತ್ರಿಯ ಮೇಲಿಟ್ಟಿದ್ದರು. ಎರಡನೆಯದು ಗೋಡೆ ಗಡಿಯಾರದ ಮೇಲೆ, ಮೂರನೆಯದು ಊರುಗೋಲಿನ ಮೇಲೆ, ನಾಲ್ಕನೆಯದು ಗಾಜಿನ ಲೋಟದಲ್ಲಿದ್ದ ಹಲ್ಲಿನ ಸೆಟ್ಟಿನ ಮೇಲೆ, ಕೊನೆಯದು ಕೆಂಪು ಸೂಟ್‌ಕೇಸಿನ ಮೇಲೆ.

ಉಪಾಯ ಅವರ ಹೆಂಡತಿಯದು. ಅಡುಗೆಮನೆಯ ಡಬ್ಬಿಗಳಿಗೆ ಒಂದೊಂದು ಮಗ್ಗಿ ಹೊರಿಸಿ ಮಗಳಿಗೆ ಕಲಿಸಿದವಳೂ ಅವಳೇ. ಗುಮಾಸ್ತರ ಕೆಲಸ ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತು ಬಿಟ್ಟುಹೋದ ವಸ್ತುಗಳನ್ನಿಡುವ ಕೋಣೆಯಲ್ಲಿ. ಯಾವ ಛತ್ರಿ ಯಾವ ಬಸ್ಸಿನಲ್ಲಿ ಯಾವತ್ತು ಸಿಕ್ಕಿತೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದರು. ನಾಲ್ಕು ಜನರೆದುರು ನಿಂತರೆ ಮಾತ್ರ ಅವರ ತಲೆಯೆಂಬುದು ತೊಳೆದು ಬೋರಲು ಹಾಕಿದ ಪಾತ್ರೆ. ಹೋದ ವರ್ಷ "ಸಭಿಕರೇ" ಎಂದವರು ಮುಂದಿನ ಮಾತು ಸಿಗದೆ ಮೈಕಿಗೇ ಕೈಮುಗಿದು ಕೂತಿದ್ದರು.

"ಊರೋರ ಮರೆವನ್ನೆಲ್ಲ ಕಾಯ್ತೀರ, ನಿಮ್ಮದೊಂದು ಭಾಷಣ ಕಾಯೋಕಾಗಲ್ವಾ?" ಎಂದಿದ್ದಳು ಹೆಂಡತಿ. "ಸಭೆ ಆ ಕೋಣೇಲೇ ತಾನೇ? ಒಂದೊಂದು ಸಾಮಾನಿನ ಮೇಲೆ ಒಂದೊಂದು ಮಾತಿಡಿ. ನೋಡ್ತಾ ಹೋಗಿ, ಹೇಳ್ತಾ ಹೋಗಿ."

ಸಭೆ ಆ ಕೋಣೆಯ ಮೇಲಧಿಕಾರಿ ಸಾಹೇಬರ ಬೀಳ್ಕೊಡುಗೆಗೆ. ಸೇವೆ ಇನ್ನೂ ಮೂರು ವರ್ಷ ಉಳಿದಿದ್ದರೂ ಅವರು ಸಾಕೆಂದು ತಾವೇ ಹೊರಟಿದ್ದರು. ಸಭೆ ಮುಗಿದ ಮೇಲೆ ಅವರು ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿದರೆ ಆಯಿತು, ಕಿಟಕಿ ಪಕ್ಕದ ಅವರ ಕುರ್ಚಿ ಗುಮಾಸ್ತರದು. ಹನ್ನೊಂದು ವರ್ಷದಿಂದ ಗುಮಾಸ್ತರ ಮೇಜು ಒಂಟಿ ಚಪ್ಪಲಿಗಳ ರಾಶಿಗೆ ಒತ್ತಿಕೊಂಡೇ ಇತ್ತು. ಸಂಜೆ ಮನೆಗೆ ಹೋದರೆ ಮಗಳು ಮೊದಲು ಮೂಗು ಮುಚ್ಚಿಕೊಂಡು, ಆಮೇಲೆ "ಅಪ್ಪ" ಎನ್ನುತ್ತಿದ್ದಳು.

ಅಂದು ಗುಮಾಸ್ತರು ಬೇಗ ಬಂದು, ಐದೂ ಸಾಮಾನುಗಳ ಧೂಳನ್ನು ಕರ್ಚೀಫಿನಿಂದ ಒರೆಸಿ ಎದುರಿನ ಕಪಾಟಿನಲ್ಲಿ ಸಾಲಾಗಿ ಇಟ್ಟರು. ಸೀಟಿ ಊದಿ ಬಸ್ಸು ಹೊರಡಿಸುವ ಸೀಟಿಯಣ್ಣ ಬಂದು ಬೆನ್ನು ತಟ್ಟಿದ.

"ಮರೆತುಹೋದ್ರೆ ಗಾಬರಿಯಾಗ್ಬೇಡಿ. ಸುಮ್ನೆ ನಿಂತು ಕಣ್ಣು ಒರೆಸ್ಕೊಳ್ಳಿ, ದುಃಖ ಅಂದ್ಕೋತಾರೆ. ನಮ್ಮ ಮಾವ ಹೀಗೇ ಮೂರು ಶ್ರದ್ಧಾಂಜಲಿ ಸಭೆ ದಾಟಿದಾರೆ."

ಬಸ್ಸುಗಳ ಹೊತ್ತು ಕೂಗಿ ಹೇಳುವ ಮೈಕಿನಕ್ಕನಿಗೂ ಉಪಕಾರ ಮಾಡುವ ಆಸೆ. ಕೋಣೆ ತುಂಬ ಸಾಮಾನು, ಕುರ್ಚಿ ಹಾಕಲು ಜಾಗವಿಲ್ಲ. ಅವಳು ಯಾರನ್ನೂ ಕೇಳದೆ ಪ್ರತಿ ಬಸ್ಸಿನ ಹೆಸರಿನ ಹಿಂದೆಯೇ, "ಮರೆತುಹೋದ ವಸ್ತುಗಳನ್ನು ಇಂದೇ ಬಂದು ಪಡೆಯಿರಿ, ನಾಳೆ ಸಿಗುವ ಭರವಸೆಯಿಲ್ಲ" ಎಂದು ಕೂಗತೊಡಗಿದಳು. ಗುಮಾಸ್ತರು ಕಿವಿಗೆ ಹತ್ತಿ ತುರುಕಿಕೊಂಡು ಭಾಷಣ ಬಾಯಿಪಾಠ ಮಾಡುತ್ತಿದ್ದರು.

ಮೂರು ಗಂಟೆಗೆ ಸಭೆ. ಗುಮಾಸ್ತರು ಎದ್ದು ಛತ್ರಿ ನೋಡಿದರು. "ಬಿಸಿಲಿರಲಿ ಮಳೆಯಿರಲಿ, ಸಾಹೇಬರು ನಮ್ಮ ತಲೆ ಕಾದರು."

ಚಪ್ಪಾಳೆ ಬಿತ್ತು. ಕಣ್ಣು ಗಡಿಯಾರದತ್ತ ಹೊರಳುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು.

"ಆ ಗಡಿಯಾರ ನಮ್ದು. ಹೊಸ ಮನೆಗೆ ಅಂತ ತಗೊಂಡಿದ್ವಿ. ಈಗ ಮನೇನೂ ಹಳೇದಾಯ್ತು."

ವಾರಸುದಾರರು ಬಂದರೆ ಬಾಯಿಯ ಹತ್ತಿರದ ತುತ್ತು ಬಿಟ್ಟಾದರೂ ಎದ್ದು ಕೊಡಬೇಕು ಎಂಬುದು ಸಾಹೇಬರದೇ ನಿಯಮ. ಸಾಹೇಬರು ಹೂಂ ಎಂದು ತಲೆಯಾಡಿಸಿದರು. ಗುಮಾಸ್ತರು ಮೈಕು ಬಿಟ್ಟುಹೋಗಿ, ಗುರುತು ಕೇಳಿ, ಸಹಿ ಹಾಕಿಸಿಕೊಂಡು ಗಡಿಯಾರ ಕೊಟ್ಟರು. ಅದರ ಜೊತೆಗೆ ಎರಡನೆಯ ಮಾತೂ ಹೊರಟುಹೋಯಿತು.

ಹೋಗಲಿ, ಮೂರನೆಯದಿದೆಯಲ್ಲ ಎಂದು ತಿರುಗಿದರೆ ಅಜ್ಜನೊಬ್ಬ ಆಗಲೇ ಊರುಗೋಲು ಹಿಡಿದು ನಿಂತಿದ್ದ. "ಇದಿಲ್ದೆ ನಡೆಯೋಕಾಗ್ತಿರ್ಲಿಲ್ಲ ಕಣಪ್ಪ, ಅದಕ್ಕೇ ಇಷ್ಟು ದಿನ ತಗೊಂಡು ಹೋಗೋಕೆ ಬರ್ಲಿಲ್ಲ."

ಅವನ ಹಿಂದೆ ಬಂದ ಅಜ್ಜಿ ಗುರುತಿಗೆಂದು ಹಲ್ಲಿನ ಸೆಟ್ಟನ್ನು ಅಲ್ಲೇ ಹಾಕಿಕೊಂಡು ಸಭೆಯತ್ತ ನಕ್ಕಳು. ಗುಮಾಸ್ತರಿಗೆ ಬಿದ್ದದ್ದಕ್ಕಿಂತ ದೊಡ್ಡ ಚಪ್ಪಾಳೆ ಅವಳಿಗೆ ಬಿತ್ತು. ಸೂಟ್‌ಕೇಸನ್ನು ಗಂಡ ಹೆಂಡಿರಿಬ್ಬರು "ಮರೆತಿದ್ದು ನೀನು", "ಅಲ್ಲ ನೀವು" ಎಂದು ಜಗಳವಾಡುತ್ತಲೇ ಒಯ್ದರು.

ಉಳಿದದ್ದು ಛತ್ರಿ. ಗುಮಾಸ್ತರು ಮುಳುಗುವವರಂತೆ ಅದನ್ನೇ ನೋಡಿ, "ಬಿಸಿಲಿರಲಿ ಮಳೆಯಿರಲಿ, ಸಾಹೇಬರು ನಮ್ಮ ತಲೆ ಕಾದರು" ಎಂದರು. ಅದನ್ನೇ ಮತ್ತೊಮ್ಮೆ ಹೇಳಿದರು. ಮೂರನೆಯ ಸಲ "ಬಿಸಿಲಿರಲಿ" ಎನ್ನುವಾಗ ಒಬ್ಬಾತ ಬಂದು ಛತ್ರಿಯನ್ನೂ ಕೇಳಿದ. ಅವನ ಹಿಂದೆ ಸಾಲುಗಟ್ಟಿದವರು ಕೋಣೆಯ ಉಳಿದ ಸಾಮಾನುಗಳನ್ನೂ ಒಯ್ದರು.

ಈಗ ಕಪಾಟು ಖಾಲಿ, ತಲೆಯೂ ಖಾಲಿ. ಹಿಂದಿನ ಸಾಲಿನಿಂದ ಸೀಟಿಯಣ್ಣ ಕಣ್ಣು ಮುಟ್ಟಿ ಮುಟ್ಟಿ ಸನ್ನೆ ಮಾಡಿದ. ಗುಮಾಸ್ತರು ಕರ್ಚೀಫ್ ತೆಗೆದು ಕಣ್ಣಿಗೆ ಒತ್ತಿಕೊಂಡರು. ಬೆಳಿಗ್ಗೆ ಒರೆಸಿದ ಅಷ್ಟೂ ವರ್ಷಗಳ ಧೂಳು ಕಣ್ಣೊಳಗೆ ಹೋಯಿತು. ನೀರು ಉಕ್ಕಿದ ಹಾಲಿನಂತೆ ಸುರಿಯಿತು. ಉಜ್ಜಿದಷ್ಟೂ ಹೆಚ್ಚಾಯಿತು. ಮೈಕಿನಕ್ಕ ಮೊದಲು ಬಿಕ್ಕಿದಳು, ಆಮೇಲೆ ಸಾಲುಸಾಲೇ ಮೂಗೆಳೆಯಿತು. ದಾರಿ ತಪ್ಪಿ ಒಳಗೆ ಬಂದಿದ್ದ ಇಬ್ಬರು ಪ್ರಯಾಣಿಕರೂ ಅತ್ತರು.

ಸಾಹೇಬರು ಎದ್ದು ಬಂದು ಗುಮಾಸ್ತರನ್ನು ತಬ್ಬಿಕೊಂಡರು.

"ನಿಮಗೆ ನನ್ನ ಕಂಡ್ರೆ ಆಗಲ್ಲ ಅಂತ ತಿಳ್ಕೊಂಡಿದ್ದೆ ಮಾರಾಯ್ರೆ. ಬೇಡವಾದವರ ನಡುವೆ ಯಾಕಿರಬೇಕು ಅಂತಾನೇ ಹೊರಟಿದ್ದು. ಇಷ್ಟೊಂದು ಪ್ರೀತಿ ಇದ್ಯಲ್ಲ ನಿಮಗೆ, ಮಾತೇ ಹೊರಡದಷ್ಟು."

"ಅಯ್ಯೋ, ಹಾಗಲ್ಲ ಸಾರ್..." ಎಂದರು ಗುಮಾಸ್ತರು, ಕಣ್ಣು ಬಿಡಲಾಗದೆ.

"ಹೇಳ್ಬೇಡಿ. ನಿಧಾನವಾಗಿ ಹೇಳೋರಂತೆ, ಇನ್ನೂ ಮೂರು ವರ್ಷ ಇದೆಯಲ್ಲ." ಸಾಹೇಬರು ಜೇಬಿನಿಂದ ನಿವೃತ್ತಿಯ ಕಾಗದ ತೆಗೆದು ನಾಲ್ಕು ಚೂರು ಮಾಡಿದರು. ಖಾಲಿಯಾದ ಕೋಣೆಯನ್ನು ಸುತ್ತ ನೋಡಿ ಅವರಿಗೆ ಇನ್ನಷ್ಟು ಹುರುಪು ಬಂತು. "ಜಾಗವೂ ಆಯ್ತು. ಬೇರೆ ನಿಲ್ದಾಣಗಳ ಒಂಟಿ ಚಪ್ಪಲಿಗಳನ್ನೂ ನಾಳೆಯಿಂದ ಇಲ್ಲೇ ತರಿಸೋಣ. ನಿಮ್ಮಷ್ಟು ಅಕ್ಕರೆಯಿಂದ ಇನ್ಯಾರು ನೋಡ್ಕೋತಾರೆ?"

ಎಲ್ಲರೂ ಹೋದ ಮೇಲೆ ಗುಮಾಸ್ತರು ಕಣ್ಣು ತೊಳೆದುಕೊಂಡು ಬಂದು ತಮ್ಮ ಮೇಜಿನೆದುರು ಕೂತರು. ಚಪ್ಪಲಿಗಳನ್ನು ಮಾತ್ರ ಕೇಳಿಕೊಂಡು ಒಬ್ಬರೂ ಬಂದಿರಲಿಲ್ಲ. ರಾಶಿಯನ್ನು ನೋಡುತ್ತಿದ್ದಂತೆ ಭಾಷಣ ಛತ್ರಿಯಿಂದ ಸೂಟ್‌ಕೇಸಿನವರೆಗೆ ಒಂದಕ್ಷರ ಬಿಡದೆ ನೆನಪಾಯಿತು.

ಗುಮಾಸ್ತರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಒಂಟಿ ಚಪ್ಪಲಿಗಳು ಒಂದೂ ಕದಲದೆ ಕೊನೆಯವರೆಗೂ ಕೇಳಿದವು.