ಪಲ್ಯಕ್ಕೊಂದು ಹೋಳು ಕಾಯಿ

"ನಿಮ್ಮನೇಲಿ ಕಾಯಿಲ್ಲ ಅಂದ್ರೆ ಯಾರ್ ನಂಬ್ತಾರ್ಲಾ ಯೋಗೀಶ?" ಪಕ್ಕದ ಮನೆ ರಂಗಕ್ಕ ಹೊಸ್ತಿಲಲ್ಲೇ ನಿಂತು ಕೇಳಿದಳು.

"ಅಟ್ಟದ ತುಂಬ ಅವೆ ಕಣಕ್ಕ. ಕೊಬ್ಬರಿ ಆಗ್ಲಿ ಅಂತ ಒಣಗಾಕಿರೋವು, ಮುಟ್ಟಂಗಿಲ್ಲ. ಕಾಯಿ ಕೀಳೋರು ನಾಳೆ ಬತ್ತಾರೆ. ಒಂದ್ ಹೋಳು ಕೊಡು."

ಹೆಂಡತಿ ರಾಧಾಮಣಿ ತಾಯಿಯನ್ನು ಕರೆತರಲು ನೊಣವಿನಕೆರೆಗೆ ಹೋಗಿದ್ದಳು. "ಅಳಿಯಂದ್ರಿಗೆ ಒಲೆ ಯಾವ ಮೂಲೇಲೈತೆ ಅಂತಾದ್ರೂ ಗೊತ್ತಾ?" ಎಂದು ಅತ್ತೆ ಭೈರಮ್ಮ ಫೋನಿನಲ್ಲಿ ನಕ್ಕಿದ್ದು ಯೋಗೀಶನಿಗೆ ಚುಚ್ಚಿತ್ತು. ಹನ್ನೆರಡರ ಬಸ್ಸು ಬರುವುದರೊಳಗೆ ಬೀಟ್‌ರೂಟ್ ಪಲ್ಯ ಮಾಡಿಟ್ಟು, ಆ ಬಾಯಿಂದಲೇ ಭೇಷ್ ಅನ್ನಿಸಿಕೊಳ್ಳುತ್ತೇನೆಂದು ಹಟ ತೊಟ್ಟಿದ್ದ. ಹೆಚ್ಚಿದ್ದು, ಒಗ್ಗರಣೆ ಹಾಕಿದ್ದು, ಬೇಯಿಸಿದ್ದು ಎಲ್ಲ ಸಲೀಸಾಗಿ ಮುಗಿದಿತ್ತು. ಆದರೆ ಕಾಯಿತುರಿ ಬೀಳದ ಪಲ್ಯ ಆ ಸೀಮೆಯಲ್ಲಿ ಗುಂಡಿಯಿಲ್ಲದ ಅಂಗಿಯಂತೆ, ನೆಂಟರ ಮುಂದೆ ತರುವಂತಿಲ್ಲ.

ರಂಗಕ್ಕ ಹೋಳು ಕೊಟ್ಟಳು. ಅವನು ಅದನ್ನು ತುರಿದು ಮುಗಿಸುವಷ್ಟರಲ್ಲಿ ಸುದ್ದಿ ಹಾಲಿನ ಡೈರಿ ಮುಟ್ಟಿ, ಊರವರ ಬಾಯಲ್ಲಿ ಯೋಗೀಶನ ಅಟ್ಟ ಪೂರ್ತಿ ಖಾಲಿಯಾಗಿತ್ತು.

ಮೊದಲು ಎದುರುಮನೆ ಚಿಕ್ಕಗೌರಮ್ಮ ಎರಡು ಕಾಯಿ ತಂದಳು. "ನಾಚ್ಕೋಬೇಡ ಕಣಪ್ಪ, ಕಷ್ಟ ಯಾರಿಗ್ ಬರಲ್ಲ?"

"ಎಂಥಾ ಕಷ್ಟ? ಅಟ್ಟ ತುಂಬೈತೆ."

"ಹಂಗೇ ಅನ್ಕೊಂಡಿರು. ಧೈರ್ಯ ಇರ್ಬೇಕು."

ಹಿಂದೆಯೇ ಡೈರಿಯ ನಂಜುಂಡಪ್ಪ ಅರ್ಧ ಮೂಟೆ ತಂದು ಜಗಲಿಗೆ ಸುರಿದ. ಬೇಡವೆಂದಷ್ಟೂ ಎಲ್ಲರ ಕಣ್ಣಲ್ಲಿ ನೀರು ಹೆಚ್ಚಾಯಿತು.

ಬಸ್ಸು ಬಂತು. ಭೈರಮ್ಮ ಕೈಕಾಲು ತೊಳೆದು ತಟ್ಟೆ ಮುಂದೆ ಕೂತು, ಒಂದು ತುತ್ತು ಪಲ್ಯ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಯೋಗೀಶ ಸೌಟು ಹಿಡಿದು ಹತ್ತಿರ ಬಗ್ಗಿದ.

"ತಿನ್ನಿ ಕಣಮ್ಮ," ಬಾಗಿಲಿಂದ ನಂಜುಂಡಪ್ಪ ಅಂದ. "ಪಲ್ಯಕ್ ಕಾಯಿಲ್ಲ ಅಂದ್ರೆ ಊರೋರು ಸುಮ್ನಿರ್ತೀವಾ?"

ಭೈರಮ್ಮ ಕಣ್ಣು ಬಿಟ್ಟರು. "ಬೇಡಿ ತಿನ್ನೋ ಮನೇಗೇನೇ ರಾಧಾ ನಿನ್ನ ಕೊಟ್ಟಿದ್ದು?"

ಯೋಗೀಶನ ಮುಖ ಬಾಣಲೆಯಲ್ಲಿದ್ದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಏಣಿ ಹತ್ತಿ ಅಟ್ಟದ ಬಾಗಿಲನ್ನು ದಢಾರನೆ ತೆಗೆದ. "ಬಂದ್ ನೋಡ್ಕಳಿ ಎಲ್ಲಾರೂ."

ಹೆಂಚು ಮುಟ್ಟುವಂತೆ ಕಾಯಿ. ಬಂದವರೆಲ್ಲ ಬಾಯಿ ತೆರೆದು ನೋಡಿದರು. ಕಣ್ಣೀರು ಅಲ್ಲಲ್ಲೇ ಆರಿತು.

"ಇಷ್ಟ್ ಇಟ್ಕೊಂಡು ನಮ್ಮನೆ ಬಾಗಿಲಿಗ್ ಬಂದ್ಯೇನ್ಲಾ, ಜಿಪುಣ?" ಅಂದಳು ರಂಗಕ್ಕ.

ಚಿಕ್ಕಗೌರಮ್ಮ ತನ್ನ ಎರಡನ್ನೂ ಎತ್ತಿಕೊಂಡಳು. ನಂಜುಂಡಪ್ಪ ಮೂಟೆ ತುಂಬಿದ. ರಂಗಕ್ಕ ಜಗಲಿಯೆಲ್ಲ ಹುಡುಕಿದಳು. "ನನ್ ಹೋಳು ಎಲ್ಲಿ?"

"ಪಲ್ಯಕ್ಕಾಕ್ಬುಟ್ಟೆ ಕಣಕ್ಕ."

ರಂಗಕ್ಕ ಒಳಗೆ ಹೋಗಿ, ಬಾಣಲೆಯನ್ನೇ ಸೆರಗಲ್ಲಿ ಹಿಡಿದು ಹೊರಟಳು.

ಯೋಗೀಶ ಏಣಿಯ ಮೇಲಿಂದಲೇ ಕೇಳಿದ: "ಅತ್ತೆ, ಪಲ್ಯ ಹೆಂಗಿತ್ತು, ಅದೊಂದ್ ಹೇಳ್ಬುಡಿ."

"ಒಂದ್ ತುತ್ತಿಗೆ ಏನ್ ಗೊತ್ತಾದದು ಅಳಿಯಂದ್ರೇ?" ಎಂದು ಭೈರಮ್ಮ ಎದ್ದು, ತಟ್ಟೆ ಸಮೇತ ರಂಗಕ್ಕನ ಹಿಂದೆ ನಡೆದರು.