ದನಿಗೆ ಗ್ರೇಡು ಹಾಕುವ ಅತ್ತೆ

ಯಾವ ಗಾಯಕಿಗಾದರೂ ಪ್ರಶಸ್ತಿ ತಪ್ಪಬೇಕೆಂದಿದ್ದರೆ ಅವಳ ಹೆಸರು ಒಮ್ಮೆ ನಮ್ಮ ಸೋದರತ್ತೆಯ ಬಾಯಲ್ಲಿ ಬಂದರೆ ಸಾಕು. ಟಿ.ವಿ.ಯಲ್ಲಿ ವರ್ಷಕ್ಕೊಮ್ಮೆ ದೊಡ್ಡ ಸಂಗೀತ ಪ್ರಶಸ್ತಿ ಸಮಾರಂಭ ಬರುತ್ತದಲ್ಲ, ಅದರ ಕೊನೆಯ ಸುತ್ತಿನ ಐದು ಹೆಸರು ಹೊರಬಿದ್ದ ದಿನವೇ ನಮ್ಮ ಮನೆಯಲ್ಲಿ ಅವಳ ನ್ಯಾಯಾಲಯ ಶುರು. ಇಷ್ಟು ವರ್ಷಗಳಲ್ಲಿ ಅತ್ತೆ ಆರಿಸಿದ ಒಬ್ಬರೂ ಗೆದ್ದಿಲ್ಲ. ಆದರೆ ಅತ್ತೆ ಒಮ್ಮೆಯೂ ಸೋತಿಲ್ಲ. ಅದು ಹೇಗೆ ಎಂದಿರಾ? ಪ್ರಶಸ್ತಿ ಕೊಟ್ಟವರದೇ ತಪ್ಪು!

ನನ್ನನ್ನು ಸಾಕಿದವಳು ಈ ಅತ್ತೆಯೇ. ಬ್ಯಾಡಗಿಯಲ್ಲಿ ನಲವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಮುರಿದು, ಕಾಯಿ ಆರಿಸಿದ ಕೈ ಅವಳದು. ಸಂಗೀತ ಕಲಿತವಳಲ್ಲ. ಆದರೇನು, ಕಾಯಿಗೆ ಹಾಕುವ ಗ್ರೇಡನ್ನೇ ಕಂಠಕ್ಕೂ ಹಾಕುತ್ತಾಳೆ. ಮೊಬೈಲಿನಲ್ಲಿ ಒಬ್ಬೊಬ್ಬರ ಹಾಡು ಹಚ್ಚಿಸಿ, ಕಣ್ಣು ಮುಚ್ಚಿ ಕೇಳುತ್ತಾಳೆ. ದನಿ ನುಣ್ಣಗಿದ್ದರೆ ಬ್ಯಾಡಗಿ ಕಾಯಿಯ ಸುಕ್ಕಿಲ್ಲ, ನಮ್ಮ ಕಡೆಯ ಮಾಲಲ್ಲ ಎಂದು ಬದಿಗೆ ಸರಿಸುತ್ತಾಳೆ. ಯಂತ್ರದಲ್ಲಿ ತಿದ್ದಿದ ದನಿಯಾದರೆ, ತೂಕ ಬರಲೆಂದು ನೀರು ಹೊಡೆದಿದ್ದಾರೆ ಎಂದು ತೀರ್ಪು. ಒಮ್ಮೆ ದಾವಣಗೆರೆಯ ನೆಂಟರ ಮುಂದೆ, ಅವರ ಮೆಚ್ಚಿನ ಗಾಯಕಿಯ ಬಗ್ಗೆ "ಬಣ್ಣ ಐತಿ, ಖಾರ ಇಲ್ಲ" ಅಂದುಬಿಟ್ಟಳು. ನೆಂಟರು ಅರ್ಧ ಊಟಕ್ಕೇ ಕೈ ತೊಳೆದರು. ಬ್ಯಾಡಗಿ ಕಾಯಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ಅವರಿಗೆ ತಿಳಿಹೇಳಲು ನನಗೆ ಎರಡು ಸಲ ಚಹಾ ಕಾಸಬೇಕಾಯಿತು.

ಈ ವರ್ಷ ಅತ್ತೆಯ ತೀರ್ಪನ್ನು ನಂಬಿ ನಾನೂ ಒಂದು ಉಪಾಯ ಹೂಡಿದ್ದೆ. ನನ್ನ ಮಗಳು ಎಂಟನೆಯ ತರಗತಿ. ಹಾವೇರಿಯ ಸಂಗೀತ ಮಾಸ್ತರರೊಬ್ಬರು ಅವಳ ಹಾಡು ಕೇಳಿ, ಪ್ರತಿ ರವಿವಾರ ಕಳಿಸಿದರೆ ಕಲಿಸುತ್ತೇನೆ ಎಂದಿದ್ದರು. ನನಗೆ ಮನಸ್ಸಿರಲಿಲ್ಲ. ನಾನು ಆರನೆಯ ತರಗತಿಗೆ ಶಾಲೆ ಬಿಟ್ಟವನು. ವೆಲ್ಡಿಂಗ್ ಕಲಿತೆ, ಇವತ್ತು ನಮ್ಮ ಭಾಗದ ಅರ್ಧ ಗೇಟುಗಳು ನನ್ನ ಕೈಯವು. ಹೊಟ್ಟೆ ತುಂಬಿಸುವುದು ಕೈಕೆಲಸ, ಹಾಡಲ್ಲ ಎಂದು ನಂಬಿದವನು. ಆದರೆ ಮಗಳ ಮುಖ ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ. ಅತ್ತೆ ಪಾಸು ಮಾಡಿದರೆ ಹೋಗು ಎಂದೆ. ದೇಶದ ಗಾಯಕಿಯರನ್ನೇ ಫೇಲು ಮಾಡುವವಳು ಇವಳನ್ನು ಬಿಟ್ಟಾಳೆಯೇ?

ಪ್ರಶಸ್ತಿಯ ಸಂಜೆ ಟಿ.ವಿ. ಮುಂದೆ ಕೂತೆವು. ಅತ್ತೆಯ ಜೊತೆ ಕಾಯಿ ಆರಿಸುವ ಮಾಬೂಬಿಯೂ ಬಂದಿದ್ದಳು. ಅತ್ತೆ ತನ್ನ ಆಯ್ಕೆ ಹೇಳಲು ಬಾಯಿ ತೆರೆದಳು.

"ಅಕ್ಕಾರ, ಆ ಹುಡುಗಿ ಹೆಸರು ಹೇಳಬ್ಯಾಡ್ರಿ. ಅಕಿ ಏನು ಪಾಪ ಮಾಡ್ಯಾಳ?" ಎಂದಳು ಮಾಬೂಬಿ.

"ಹಂಗಾರ ನಿನ್ನ ಹೆಸರು ಹೇಳ್ತೇನಿ. ಸುಮ್ನ ಕುಂದ್ರು."

ಜಾಹೀರಾತು ಬಂದವು. ನಾನು ಟಿ.ವಿ.ಯ ಸದ್ದು ತಗ್ಗಿಸಿ ಮಗಳಿಗೆ ಹಾಡೆಂದೆ. ಎರಡನೆಯ ಸಾಲಿನಲ್ಲಿ ಅವಳಿಗೆ ಉಸಿರು ಸಾಲಲಿಲ್ಲ. ನಿಂತು, ಮತ್ತೆ ಹಿಡಿದು ಮುಗಿಸಿದಳು. ಕಣ್ಣು ಮುಚ್ಚಿ ಕೇಳುತ್ತಿದ್ದ ಅತ್ತೆ ಕಣ್ಣು ತೆರೆದಳು.

"ಹಸಿ ಐತಿ," ಎಂದಳು.

ಮಗಳು ತಲೆ ತಗ್ಗಿಸಿದಳು. ನಾನು ಗೆದ್ದಿದ್ದೆ, ಯಾಕೋ ಹಿಗ್ಗಾಗಲಿಲ್ಲ.

"ಆತಲ್ಲ ಅತ್ತಿ, ಮುಗೀತು," ಎಂದೆ.

"ಏನು ಮುಗೀತು? ಹಸಿಕಾಯಿಗೆ ಯಾರರ ಗ್ರೇಡ್ ಹಾಕ್ತಾರೇನು? ಬಿಸಲಿಗೆ ಹಾಕಬೇಕು, ಕಾಯಬೇಕು." ಅತ್ತೆ ನನ್ನನ್ನೇ ನೋಡಿದಳು. ಅವಳ ದನಿ ತಗ್ಗಿತು. "ನಿಮ್ಮವ್ವ ತೀರಿದ ಮ್ಯಾಲ ನಿನ್ನ ಸಾಲಿ ಬಿಡಿಸಿದಾಕಿ ನಾನ. ಈ ಹುಡುಗಗ ಓದು ಹತ್ತೂದಿಲ್ಲ ಅಂತ ಮಾಸ್ತರ ಮುಂದ ಹೇಳಿ ಬಂದೆ. ನೀ ಹದಿನೈದು ದಿನ ಪಾಟೀಚೀಲ ಹಾಕ್ಕೊಂಡು ಅಂಗಳದಾಗ ನಿಂತಿ. ಆ ತೀರ್ಪು ತಪ್ಪಿತ್ತು."

ಆ ಹದಿನೈದು ದಿನಗಳನ್ನು ನಾನು ಯಾರಿಗೂ ಹೇಳಿದವನಲ್ಲ, ಹೆಂಡತಿಗೂ. ಅತ್ತೆ ಎಣಿಸಿ ಇಟ್ಟುಕೊಂಡಿದ್ದಾಳೆಂದು ಗೊತ್ತಿರಲಿಲ್ಲ.

ಟಿ.ವಿ.ಯಲ್ಲಿ ಯಾರೋ ಪ್ರಶಸ್ತಿ ತೆಗೆದುಕೊಳ್ಳುತ್ತಿದ್ದರು. ಅತ್ತೆ ಅತ್ತ ನೋಡಲಿಲ್ಲ, ಯಾರೆಂದು ಕೇಳಲೂ ಇಲ್ಲ.

"ಅಪ್ಪಾ, ಹಾವೇರಿಗೆ ಮುಂಜಾನೆ ಬಸ್ಸು ಎಷ್ಟಕ್ಕ ಐತಿ?" ಮಗಳು ಮೆಲ್ಲಗೆ ಕೇಳಿದಳು.

"ಏಳೂವರಿಗೆ," ಎಂದೆ. "ನಾನೂ ಬರ್ತೇನಿ."