ನಾನು ಚಿತ್ರ ಬರೆದವರು

ಹುಡುಗಿಯೊಬ್ಬಳು ಹೈಸ್ಕೂಲಿನಲ್ಲಿ ಚಿತ್ರಕಲೆ ಆರಿಸಿಕೊಂಡರೆ ಮುಂದೆ ಏನೇನು ನಡೆಯುತ್ತದೆಂದು ಯಾರೂ ಹೇಳಿಕೊಡುವುದಿಲ್ಲ. ನಮ್ಮ ಮಾಗಡಿಯಲ್ಲಂತೂ ಒಂದಾದ ಮೇಲೊಂದು ನಡೆಯುತ್ತಲೇ ಇರುತ್ತದೆ.

ಅಂಗಡಿಯಲ್ಲಿ

ಒಂಬತ್ತನೇ ಕ್ಲಾಸಿಗೆ ಕಂಪ್ಯೂಟರ್ ಇಲ್ಲವೇ ಆರ್ಟ್ ತೆಗೆದುಕೊಳ್ಳಬೇಕಿತ್ತು. ನಾನು ಆರ್ಟ್ ಅಂದೆ. ಅಪ್ಪ, "ದಸರಾವರೆಗೆ ನೋಡ್ತೀನಿ. ಉಪಯೋಗ ಕಾಣದಿದ್ರೆ ಕಂಪ್ಯೂಟರಿಗೆ ಹಾಕಿಸ್ತೀನಿ" ಅಂದರು.

ನಮ್ಮ ಪಾತ್ರೆ ಅಂಗಡಿಗೆ ಬಂದ ಗಿರಾಕಿಯೊಬ್ಬರು ಅಪ್ಪನನ್ನು ಕೇಳಿದರು: "ಮಗಳು ಏನ್ ತಗೊಂಡ್ಳು?"

"ಆರ್ಟು."

"ಅಯ್ಯೋ, ಮಾರ್ಕ್ಸ್ ಬರ್ಲಿಲ್ವಾ?"

"ಕ್ಲಾಸಿಗೇ ಫಸ್ಟು."

ಗಿರಾಕಿ ಕುಕ್ಕರ್ ಕೆಳಗಿಟ್ಟು ದನಿ ತಗ್ಗಿಸಿದರು. "ಹಂಗಾರೆ ಡಾಕ್ಟ್ರಿಗೆ ತೋರಿಸ್ಬುಡಿ."

ಮೂರು ಗೆರೆ

ಹಿಂದಿನ ಬೀದಿಯಲ್ಲಿ ನಮ್ಮ ನೆಂಟರೊಬ್ಬರು ತೀರಿಕೊಂಡರು. ನಮ್ಮವರಲ್ಲಿ ಹೋದವರನ್ನು ಗೋಡೆಗೊರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚುತ್ತಾರೆ. ಹಚ್ಚುತ್ತಿದ್ದ ಮಗನಿಗೆ ಗೆರೆ ನೆಟ್ಟಗೆ ಬರುತ್ತಿರಲಿಲ್ಲ. ಯಾರೋ, "ಆ ಹುಡುಗಿ ಡ್ರಾಯಿಂಗ್ ಓದ್ತಾವ್ಳಲ್ಲ, ಕರೀರಿ" ಅಂದರು.

ನಾನು ಹೋಗಿ ವಿಭೂತಿಗೆ ಬೆರಳದ್ದಿದೆ. ತಣ್ಣಗಿನ ಹಣೆಯ ಮೇಲೆ ಮೂರು ಗೆರೆ ಎಳೆದೆ. ಅವರ ಹೆಂಡತಿ ಅಳು ನಿಲ್ಲಿಸಿ ನೋಡಿದರು. "ಎಡಗಡೆ ಒಸಿ ಇಳಿದೈತೆ ಕಣವ್ವ. ಸೊಟ್ಟ ಇದ್ರೆ ಅವರಿಗೆ ಸಿಟ್ಟು ಬತ್ತದೆ."

ಒರೆಸಿ ಮತ್ತೆ ಎಳೆದೆ. ಅಷ್ಟು ಹೊತ್ತು ಅಲ್ಲಾಡದೆ ಕೂತ ಮಾಡೆಲ್ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ತಾತನ ಮೂಗು

ಇದನ್ನು ಕೇಳಿ, ಹಾಸಿಗೆ ಹಿಡಿದಿದ್ದ ತಾತ ನನ್ನನ್ನು ಕರೆದರು. "ನಾನು ಹೋದ್ರೆ ಫ್ಲೆಕ್ಸ್ ಅಂಗಡಿಯೋನು ನಂಗೂ ಅದೇ ನೀಲಿ ಕೋಟು ಅಂಟಿಸ್ತಾನೆ. ಊರಲ್ಲಿ ಸತ್ತೋರಿಗೆಲ್ಲ ಒಂದೇ ಕೋಟು. ಫೋಟೋ ಬ್ಯಾಡ, ನೀನೇ ಬರಿ."

ಬರೆದು ತೋರಿಸಿದೆ.

"ಮೂಗು ಒಸಿ ಕಮ್ಮಿ ಮಾಡು."

"ತಾತ, ಇರೋದೇ ಹಂಗಲ್ವಾ?"

"ಇರೋದು ನಂಗೂ ಗೊತ್ತು ಕಣವ್ವ. ಅದಕ್ಕೇ ಫೋಟೋ ಬ್ಯಾಡ ಅಂದಿದ್ದು."

ಕಮ್ಮಿ ಮಾಡಿದೆ. ಅದೇ ವಾರ ತಾತ ಹೋದರು. ಅತ್ತು ಅತ್ತು ನನಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಮರಳವಾಡಿಯಿಂದ ಬಂದ ಅತ್ತೆ ಚಿತ್ರದ ಮುಂದೆ ಕೈಮುಗಿದು, ಪಕ್ಕದವರನ್ನು ಮೆಲ್ಲಗೆ ಕೇಳಿದರು: "ಇವರ್ಯಾರು?"

ಜಗಲಿಯ ಮೇಲೆ

ಆ ಚಿತ್ರ ನೋಡಿ ಪಕ್ಕದ ಮನೆಯ ಅಜ್ಜಿ ತಮ್ಮದೂ ಬರೆಸಿಕೊಂಡರು. ಹದಿನೈದು ದಿನಕ್ಕೆ ಅವರೂ ಹೋದರು. ಸುದ್ದಿ ಬೀದಿಯೆಲ್ಲ ಹಬ್ಬಿತು. ನಾನು ಸ್ಕೂಲಿಗೆ ಹೊರಟರೆ ಜಗಲಿಯ ಮುದುಕರು ಟವೆಲ್ ಮುಖದ ಮೇಲೆ ಎಳೆದುಕೊಳ್ಳತೊಡಗಿದರು. ಒಬ್ಬರಂತೂ ಟವೆಲ್ಲಿನೊಳಗಿಂದಲೇ ಕೂಗಿದರು: "ನಮ್ಮ ತಂಗಿ ಗಂಡ ಬೈರಮಂಗಲದಾಗವ್ನೆ, ಅವನ್ನ ಬರಿ ಹೋಗವ್ವ!"

ದಸರಾ

ರಜೆಗೆ ಮೊದಲು ಅಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡರು. "ನೋಡಿದ್ದಾಯ್ತು. ಜನ ಅಂಗಡಿಗೆ ಬರೋಕೂ ಹೆದರ್ತಾವ್ರೆ. ನಾಳೆ ಸ್ಕೂಲಿಗೆ ಬಂದು ಕಂಪ್ಯೂಟರಿಗೆ ಹಾಕಿಸ್ತೀನಿ."

ನನಗೆ ವಾದ ಮಾಡಲು ಬರುವುದಿಲ್ಲ. ಅಳು ಬರದಿರಲೆಂದು ಅಪ್ಪನ ಮುಖವನ್ನೇ ನೋಡುತ್ತ ಕೂತೆ. ಹಣೆ, ಹುಬ್ಬು, ಒಳಸರಿದ ಕೆನ್ನೆ.

ಅಪ್ಪನ ಮಾತು ನಿಂತಿತು. ಅಡುಗೆಮನೆಯಿಂದ ಅಮ್ಮ, "ಏನಾಯ್ತ್ರೀ?" ಅಂದರು.

"ನೋಡ್ತಾವ್ಳೆ ಕಣೇ! ಅಳತೆ ತಗೊಂಡಂಗೆ ನೋಡ್ತಾವ್ಳೆ!"

ಆಮೇಲೆ ಕುರ್ಚಿ ಹಿಂದಕ್ಕೆ ಎಳೆದುಕೊಂಡು, ನನ್ನ ಜೊತೆ ಎಂದೂ ಆಡದಷ್ಟು ಮೆತ್ತಗೆ ಅಂದರು: "ಆರ್ಟೇ ಓದವ್ವ. ಆದ್ರೆ ಸಾವನದುರ್ಗ ಬರ್ಕೊ. ಎಷ್ಟು ಬರೆದ್ರೂ ಬೆಟ್ಟಕ್ಕೆ ಏನೂ ಆಗಲ್ಲ."